ಹುಳಿಹುದುಗು

ಹುಳಿಹುದುಗು: ಹಿಟ್ಟು ಮತ್ತು ನೀರಿನ ಮಿಶ್ರಣದಲ್ಲಿ ಯೀಸ್ಟ್ ಹಾಗೂ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾ ತಾವಾಗಿಯೇ ಬೆಳೆದು ನೆಲೆನಿಂತಾಗ ಸಿಗುವ ಜೀವಂತ ಹಿಟ್ಟು. ಬ್ರೆಡ್ ಉಬ್ಬಿಸಲು ಇದನ್ನು ಬಳಸುತ್ತಾರೆ. ಒಂದಿಷ್ಟನ್ನು ಉಳಿಸಿಕೊಂಡು ಅದಕ್ಕೆ ಹೊಸ ಹಿಟ್ಟು, ನೀರು ಕೊಡುತ್ತಾ ಹೋದರೆ ವರ್ಷಗಟ್ಟಲೆ ಬದುಕುತ್ತದೆ. ಬೆಂಗಳೂರಿನ ಬೇಕರಿಗಳಲ್ಲೂ ಮನೆಗಳಲ್ಲೂ ಇದು ಸಾವರ್‌ಡೋ ಸ್ಟಾರ್ಟರ್ ಎಂಬ ಹೆಸರಿನಲ್ಲೇ ಪರಿಚಿತ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳನ್ನು ಒಳಗೊಂಡ ದಕ್ಷಿಣ ಬೆಂಗಳೂರಿನ ಅಡುಗೆಮನೆಗಳಿಗೆ ಹೆಸರು ಹೊಸದಾದರೂ ಕೆಲಸ ಹೊಸದಲ್ಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಬರುವುದು ಮತ್ತು ಒಂದು ಚಮಚ ಹೆಪ್ಪಿನಿಂದ ಪಾತ್ರೆಯ ಹಾಲು ಮೊಸರಾಗುವುದು ಇದೇ ವಿದ್ಯೆಯ ಎರಡು ಕವಲುಗಳು. ಹುಳಿಹುದುಗಿನ ಪೋಷಣೆಯೆಂದರೆ ಹವೆ, ಹಿಟ್ಟು, ಹೊತ್ತು ಈ ಮೂರನ್ನೂ ಒಂದಕ್ಕೊಂದು ಹೊಂದಿಸುವುದು.

ಹೆಸರು ಮತ್ತು ಪದಬಳಕೆ

ಕನ್ನಡದಲ್ಲಿ ಹಿಟ್ಟು ಹುದುಗು ಬಂತು, ಹುಳಿ ಬಂತು, ಉಕ್ಕಿ ಬಂತು ಎಂಬ ಮಾತುಗಳಿವೆ. ಮೂರೂ ಒಂದೇ ಪ್ರಕ್ರಿಯೆಯ ಬೇರೆ ಬೇರೆ ಗುರುತುಗಳನ್ನು ಹೇಳುತ್ತವೆ. ಹುದುಗು ಎಂದಾಗ ಒಳಗಿನ ಬದಲಾವಣೆ, ಹುಳಿ ಎಂದಾಗ ರುಚಿ, ಉಕ್ಕು ಎಂದಾಗ ಗಾತ್ರ ಮನಸ್ಸಿಗೆ ಬರುತ್ತದೆ. ಹಳೆ ಮೈಸೂರು ಭಾಗದಲ್ಲಿ ರುಬ್ಬಿದ ಇಡ್ಲಿ, ದೋಸೆ ಹಿಟ್ಟನ್ನು ಸಂಪಣ ಎಂದೂ ಕರೆಯುತ್ತಾರೆ. ಹಾಲನ್ನು ಮೊಸರು ಮಾಡಲು ಬಳಸುವ ಹಳೆಯ ಮೊಸರಿಗೆ ಹೆಪ್ಪು ಎಂಬ ಸ್ವತಂತ್ರ ಪದವೇ ಇದೆ. ಒಂದು ಸಲ ಬೆಳೆದ ಜೀವಿಗಳನ್ನು ಮುಂದಿನ ಸಲಕ್ಕೆ ದಾಟಿಸುವ ವಸ್ತು ಎಂಬ ಅರ್ಥದಲ್ಲಿ ಸ್ಟಾರ್ಟರ್‌ಗೆ ಅತ್ಯಂತ ಸಮೀಪದ ಕನ್ನಡ ಪದ ಹೆಪ್ಪು. ಸ್ಟಾರ್ಟರ್‌ಗೆ ಹೊಸ ಹಿಟ್ಟು, ನೀರು ಹಾಕುವುದನ್ನು ಬ್ರೆಡ್ ಮಾಡುವವರು ಫೀಡಿಂಗ್ ಎನ್ನುತ್ತಾರೆ. ಈ ಲೇಖನದಲ್ಲಿ ಅದಕ್ಕೆ ಉಣಿಸುವುದು ಎಂದು ಬಳಸಿದೆ.

ಇತಿಹಾಸ

ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಖಾನೆಯ ಯೀಸ್ಟ್ ಮಾರುಕಟ್ಟೆಗೆ ಬರುವ ತನಕ ಉಬ್ಬಿದ ಬ್ರೆಡ್ ಬಹುಮಟ್ಟಿಗೆ ಹುಳಿಹುದುಗಿನಿಂದ ಅಥವಾ ಬಿಯರ್ ತಯಾರಿಕೆಯ ನೊರೆಯಿಂದ ಆಗುತ್ತಿತ್ತು. ರೋಮನ್ ಲೇಖಕ ಪ್ಲಿನಿ ಎರಡೂ ಪದ್ಧತಿಗಳನ್ನು ದಾಖಲಿಸಿದ್ದಾನೆ. ಲ್ಯಾಕ್ಟಿಕ್ ಹುದುಗುವಿಕೆ ಜೀವಿಗಳ ಕೆಲಸವೆಂದು ಲೂಯಿ ಪಾಸ್ಚರ್ 1857ರಲ್ಲಿ ತೋರಿಸಿದ. ಚಿನ್ನ ಅರಸಿ ಬಂದವರ ಕಾಲದಿಂದ, ಅಂದರೆ 1849ರಿಂದ, ಹುಳಿ ಬ್ರೆಡ್ಡಿಗೆ ಹೆಸರಾದ ಸ್ಯಾನ್ ಫ್ರಾನ್ಸಿಸ್ಕೋದ ಹುದುಗನ್ನು ಕ್ಲೈನ್, ಸುಗಿಹಾರಾ ಮೊದಲಾದ ವಿಜ್ಞಾನಿಗಳು 1970ರ ಆಸುಪಾಸಿನಲ್ಲಿ ಪರೀಕ್ಷಿಸಿದರು. ಅದರಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೆ ಆ ನಗರದ ಹೆಸರನ್ನೇ ಇಟ್ಟರು. ಇಂದು ಅದನ್ನು ಫ್ರಕ್ಟಿಲ್ಯಾಕ್ಟೋಬ್ಯಾಸಿಲಸ್ ಸ್ಯಾನ್‌ಫ್ರಾನ್ಸಿಸೆನ್ಸಿಸ್ ಎಂದು ಕರೆಯುತ್ತಾರೆ. ಬೆಲ್ಜಿಯಂನ ಸೇಂಟ್ ವಿತ್ ಪಟ್ಟಣದಲ್ಲಿ 2013ರಿಂದ ನಾನಾ ದೇಶಗಳ ಹುಳಿಹುದುಗುಗಳನ್ನು ಕಾಪಿಡುವ ಸಂಗ್ರಹಾಲಯವೊಂದಿದೆ.

ಕನ್ನಡ ನಾಡಿನಲ್ಲಿ ಹುದುಗಿನ ಅಡುಗೆಯ ಲಿಖಿತ ಸುಳಿವುಗಳು ಸಾವಿರ ವರ್ಷ ಹಿಂದಕ್ಕೆ ಹೋಗುತ್ತವೆ. ಸುಮಾರು ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಪ್ರಸ್ತಾಪವಿದೆ. ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ, ಅಂದರೆ ಸುಮಾರು 1025ರಲ್ಲಿ, ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಬೆರೆಸುವ ಕ್ರಮ ಬರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಸುಮಾರು 1130ರ ಸಂಸ್ಕೃತ ಗ್ರಂಥ. ಅದರಲ್ಲಿ ಇಡ್ಡರಿಕಾ ಮತ್ತು ದೋಸಕಗಳ ಹೆಸರಿದೆ. ಈ ಹಳೆಯ ಇಡ್ಲಿಗಳಲ್ಲಿ ಅಕ್ಕಿ ಸೇರುತ್ತಿರಲಿಲ್ಲ, ರಾತ್ರಿಯಿಡೀ ಹುದುಗಿಸುವ ಮಾತೂ ಕಾಣುವುದಿಲ್ಲ ಎಂದು ಆಹಾರ ಇತಿಹಾಸಕಾರ ಕೆ.ಟಿ. ಅಚಯ ಗುರುತಿಸಿದ್ದಾರೆ. ಆದರೂ ಲೋಕೋಪಕಾರದ ಮಜ್ಜಿಗೆ ಮತ್ತು ಮೊಸರ ತಿಳಿ ಗಮನಿಸಬೇಕಾದ ವಿವರ. ಅವೆರಡೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತುಂಬಿದ ದ್ರವಗಳು. ಸಿದ್ಧ ಹುಳಿಯನ್ನು ಹೊಸ ಹಿಟ್ಟಿಗೆ ಬೆರೆಸುವ ಪದ್ಧತಿ ಆಗಲೇ ಕನ್ನಡದ ಅಡುಗೆಯಲ್ಲಿತ್ತು.

ಬ್ರೆಡ್ಡು ಬೆಂಗಳೂರಿನಲ್ಲಿ ಬೇರೂರಿದ್ದು 1809ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ದಂಡಿನ (ಕಂಟೋನ್ಮೆಂಟ್) ಜೊತೆಗೆ. ಪೇಟೆಯ ಜನರಿಗೆ ಅದನ್ನು ಹತ್ತಿರ ತಂದದ್ದು ಅಯ್ಯಂಗಾರ್ ಬೇಕರಿಗಳು. ಇವುಗಳಲ್ಲಿ ಮೊದಲನೆಯದು 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭವಾದ ಬಿ.ಬಿ. ಬೇಕರಿ ಎಂದು ಹೇಳಲಾಗುತ್ತದೆ. ವಿಶ್ವೇಶ್ವರಪುರದ ವಿ.ಬಿ. ಬೇಕರಿ 1953ರದು. ಮೊಟ್ಟೆಯಿಲ್ಲದ ಮೆತ್ತನೆಯ ಸಿಹಿ ಬ್ರೆಡ್ಡು, ಬನ್ನು, ಖಾರಾ ಬನ್ನು ಈ ಬೇಕರಿಗಳ ಗುರುತು. ಅವು ಉಬ್ಬುವುದು ಮಾರುಕಟ್ಟೆಯ ಯೀಸ್ಟಿನಿಂದ. ಹುಳಿಹುದುಗಿನ ಗಟ್ಟಿ ಹೊರಪದರದ ಬ್ರೆಡ್ಡು ನಗರದಲ್ಲಿ ಹರಡಿದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. 2020ರ ಲಾಕ್‌ಡೌನ್ ತಿಂಗಳುಗಳಲ್ಲಿ ಲೋಕದ ಬೇರೆಡೆಯಂತೆ ಇಲ್ಲಿಯೂ ಅನೇಕ ಮನೆಗಳ ಅಡುಗೆಕಟ್ಟೆಯ ಮೇಲೆ ಸ್ಟಾರ್ಟರ್‌ನ ಗಾಜಿನ ಜಾಡಿ ಬಂದು ಕೂತಿತು.

ಒಳಗಿನ ಜೀವಲೋಕ

ಚೆನ್ನಾಗಿ ಬಲಿತ ಹುದುಗಿನ ಒಂದು ಗ್ರಾಂನಲ್ಲಿ ಸುಮಾರು ನೂರು ಕೋಟಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಒಂದು ಕೋಟಿಯಷ್ಟು ಯೀಸ್ಟ್ ಕೋಶಗಳು ಇರುತ್ತವೆ. ಅಂದರೆ ಒಂದು ಯೀಸ್ಟಿಗೆ ನೂರು ಬ್ಯಾಕ್ಟೀರಿಯಾ. ಹಿಟ್ಟಿನಲ್ಲಿರುವ ಅಮೈಲೇಸ್ ಕಿಣ್ವಗಳು ಪಿಷ್ಟವನ್ನು ಒಡೆದು ಮಾಲ್ಟೋಸ್ ಸಕ್ಕರೆ ಬಿಡುತ್ತವೆ. ಯೀಸ್ಟು ಸಕ್ಕರೆಯನ್ನು ಇಂಗಾಲದ ಡೈಆಕ್ಸೈಡ್ ಮತ್ತು ಆಲ್ಕೋಹಾಲ್ ಆಗಿ ಮಾರ್ಪಡಿಸುತ್ತದೆ. ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲ ಉಂಟುಮಾಡುತ್ತದೆ. ಲ್ಯಾಕ್ಟಿಕ್ ಆಮ್ಲದ ಹುಳಿ ಮೊಸರಿನದು, ಮೃದು. ಅಸಿಟಿಕ್ ಆಮ್ಲದ ಹುಳಿ ವಿನೆಗರಿನದು, ಚುರುಕು. ಆರಂಭದಲ್ಲಿ 6ರ ಆಸುಪಾಸಿನಲ್ಲಿರುವ ಹಿಟ್ಟಿನ ಪಿಎಚ್ ಹುದುಗು ಬಲಿತಾಗ 3.5ರಿಂದ 4ಕ್ಕೆ ಇಳಿಯುತ್ತದೆ. ಈ ಆಮ್ಲವೇ ಹುದುಗಿನ ಕಾವಲುಗಾರ. ಕೊಳೆತ ತರುವ, ರೋಗ ತರುವ ಬಹುಪಾಲು ಜೀವಿಗಳು ಅಷ್ಟು ಹುಳಿಯಲ್ಲಿ ಬೆಳೆಯಲಾರವು.

ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳ ಸಹಬಾಳ್ವೆಗೆ ಒಂದು ನೆಲೆಯಿದೆ. ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಕ್ಟೀರಿಯಾ ಮಾಲ್ಟೋಸನ್ನು ಬಳಸುತ್ತದೆ, ಅದರ ಜೊತೆಗಾರ ಯೀಸ್ಟ್ ಕಜಾಕ್‌ಸ್ಟಾನಿಯಾ ಹ್ಯೂಮಿಲಿಸ್ ಮಾಲ್ಟೋಸನ್ನು ಮುಟ್ಟುವುದಿಲ್ಲ. ಒಂದೇ ಅನ್ನಕ್ಕೆ ಜಗಳವಿಲ್ಲದ ಕಾರಣ ಎರಡೂ ಒಂದೇ ಜಾಡಿಯಲ್ಲಿ ಬಾಳುತ್ತವೆ.

ಊರಿಗೊಂದು ಹುದುಗು ಎಂಬ ನಂಬಿಕೆ ಬಹಳ ಕಾಲ ಇತ್ತು. 2021ರಲ್ಲಿ ಪ್ರಕಟವಾದ, 500 ಹುಳಿಹುದುಗುಗಳ ಅಧ್ಯಯನವೊಂದು ಭೂಗೋಳಕ್ಕೂ ಒಳಗಿನ ಜೀವಿಗಳಿಗೂ ಸಂಬಂಧ ತೀರ ಕಡಿಮೆ ಎಂದು ಕಂಡಿತು. ಸುಮಾರು ಮೂರನೆಯ ಒಂದು ಭಾಗದ ಮಾದರಿಗಳಲ್ಲಿ ಅಸಿಟಿಕ್ ಆಮ್ಲ ಬ್ಯಾಕ್ಟೀರಿಯಾವೂ ಸಿಕ್ಕಿತು. ಜೀವಿಗಳ ಮುಖ್ಯ ಮೂಲ ಹಿಟ್ಟು. ಮಾಡುವವರ ಕೈಗೂ ಪಾಲಿದೆ. 15 ಬೇಕರಿಕಾರರಿಗೆ ಒಂದೇ ಹಿಟ್ಟು ಕೊಟ್ಟು ಅವರವರ ಊರಿನಲ್ಲಿ ತಯಾರಿಸಿದ ಹುದುಗನ್ನು ಸೇಂಟ್ ವಿತ್‌ಗೆ ತರಿಸಿ ನೋಡಿದಾಗ ಪ್ರತಿಯೊಂದೂ ಭಿನ್ನವಾಗಿತ್ತು. ಅವರ ಕೈಚರ್ಮದ ಮೇಲೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಪ್ರಮಾಣ ಸಾಮಾನ್ಯರಿಗಿಂತ ಹೆಚ್ಚಾಗಿತ್ತು. ದೋಸೆ ಹಿಟ್ಟನ್ನು ಸೌಟಿನಲ್ಲಲ್ಲ, ಕೈಯಲ್ಲೇ ಕಲೆಸಬೇಕು ಎನ್ನುವ ನಮ್ಮ ಹಿರಿಯರ ಮಾತು ಈ ಫಲಿತಾಂಶದ ಎದುರಿಗೆ ನೆನಪಾಗುತ್ತದೆ. ಅಂಗೈಯ ಬಿಸುಪೂ ಚೆನ್ನಾಗಿ ಬೆರೆಸುವುದೂ ಅದರಲ್ಲಿ ಸೇರಿವೆ.

ಇಡ್ಲಿ ಹಿಟ್ಟಿನೊಂದಿಗೆ ಹೋಲಿಕೆ

ಇಡ್ಲಿಯ ಹುದುಗುವಿಕೆಯನ್ನು ವಿಜ್ಞಾನದ ಕಣ್ಣಿನಿಂದ ಮೊದಲು ನೋಡಿದ ಸಂಸ್ಥೆಗಳಲ್ಲಿ 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಪ್ರಮುಖವಾದುದು. ಅಲ್ಲಿನ ದೇಸಿಕಾಚಾರ್ ಮತ್ತು ಸಂಗಡಿಗರು 1960ರಲ್ಲಿ ಹಿಟ್ಟಿನಲ್ಲಾಗುವ ಬದಲಾವಣೆಗಳನ್ನು ಪ್ರಕಟಿಸಿದರು. ಮುಖರ್ಜಿ, ಸ್ಟೈನ್‌ಕ್ರೌಸ್ ಮೊದಲಾದವರು ಅಮೆರಿಕದಲ್ಲಿ ನಡೆಸಿದ 1965ರ ಅಧ್ಯಯನವು ಹಿಟ್ಟನ್ನು ಉಬ್ಬಿಸುವ ಮುಖ್ಯ ಜೀವಿ ಲ್ಯೂಕೋನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಎಂದು ತೋರಿಸಿತು. ಹಾಗಾಗಿ ಇಡ್ಲಿ ಉಬ್ಬಲು ಯೀಸ್ಟ್ ಇರಲೇಬೇಕೆಂದಿಲ್ಲ. ಗೋಧಿಯಲ್ಲಿ ಗಾಳಿಯನ್ನು ಹಿಡಿದಿಡುವುದು ಗ್ಲುಟೆನ್. ಅಕ್ಕಿಯಲ್ಲೂ ಉದ್ದಿನಲ್ಲೂ ಅದಿಲ್ಲ. ಆ ಕೆಲಸವನ್ನು ಉದ್ದಿನ ಗ್ಲಾಬ್ಯುಲಿನ್ ಪ್ರೋಟೀನು ಮತ್ತು ಅರಾಬಿನೊಗ್ಯಾಲಕ್ಟನ್ ಎಂಬ ಲೋಳೆಯ ಪಾಲಿಸ್ಯಾಕರೈಡ್ ಮಾಡುತ್ತವೆ ಎಂದು ಮೈಸೂರಿನಲ್ಲೇ ಸುಶೀಲಮ್ಮ ಮತ್ತು ರಾವ್ 1970ರ ದಶಕದಲ್ಲಿ ತೋರಿಸಿದರು. ಉದ್ದು ಹೆಚ್ಚು ಉಕ್ಕಬೇಕು, ನೀರು ಚಿಮುಕಿಸುತ್ತಾ ನೊರೆ ಬರುವಂತೆ ರುಬ್ಬಬೇಕು ಎಂಬ ಅಡುಗೆಮನೆಯ ನಿಯಮಕ್ಕೆ ಆಧಾರ ಇದೇ.

ಹುಳಿಹುದುಗಿಗೂ ಇಡ್ಲಿ ಹಿಟ್ಟಿಗೂ ನಡುವಿನ ಮುಖ್ಯ ವ್ಯತ್ಯಾಸ ಲ್ಯೂಕೋನಾಸ್ಟಾಕ್‌ನ ಪಾತ್ರದಲ್ಲಿದೆ. ಹೊಸದಾಗಿ ಕಲೆಸಿದ ಗೋಧಿ ಹಿಟ್ಟಿನಲ್ಲೂ ಮೊದಲ ಎರಡು ಮೂರು ದಿನ ಇಂಥ ಅನಿಲಕಾರಿ ಬ್ಯಾಕ್ಟೀರಿಯಾಗಳೇ ಉಬ್ಬಿಸುತ್ತವೆ. ಆಮ್ಲ ಏರಿದಂತೆ ಅವು ಹಿಂದೆ ಸರಿದು ಹೆಚ್ಚು ಹುಳಿ ತಡೆಯುವ ಜೀವಿಗಳೂ ಯೀಸ್ಟೂ ನೆಲೆನಿಲ್ಲುತ್ತವೆ. ಇಡ್ಲಿ ಹಿಟ್ಟು ಆ ಮೊದಲ ಘಟ್ಟದಲ್ಲೇ, ಒಂದೇ ರಾತ್ರಿಯಲ್ಲಿ ಮುಗಿಯುವ ಕೆಲಸ. ಬೇಳೆಯ ಜೊತೆಯಲ್ಲೇ ಜೀವಿಗಳು ಪ್ರತಿಸಲ ಹೊಸದಾಗಿ ಬರುವುದರಿಂದ ಅದಕ್ಕೆ ಹೆಪ್ಪು ಬೇಡ. ಹುಳಿಹುದುಗು ಆ ಘಟ್ಟ ದಾಟಿ, ಒಂದು ಸಲದ ಬೆಳೆಯನ್ನು ಮುಂದಿನ ಸಲಕ್ಕೆ ದಾಟಿಸುತ್ತಾ ಹೋಗುವ ಕೆಲಸ. ಹಾಗಾಗಿ ಕ್ರಮದಲ್ಲಿ ಅದು ಮೊಸರಿನ ಹೆಪ್ಪಿಗೆ ಹತ್ತಿರ, ಕೈಕೆಲಸದಲ್ಲಿ ದೋಸೆ ಹಿಟ್ಟಿಗೆ ಹತ್ತಿರ.

ಮೈದಾ ಹಿಟ್ಟನ್ನು ಹುಳಿ ಬರಿಸಿ ಮಾಡುವ ಜಿಲೇಬಿ, ಮಂಗಳೂರಿನ ಕ್ಯಾಥೊಲಿಕರು ಶೇಂದಿ ಬೆರೆಸಿ ಉಬ್ಬಿಸುವ ಸನ್ನ, ಬಾಳೆಹಣ್ಣು ಮೊಸರು ಸೇರಿಸಿ ಕಲೆಸಿಡುವ ಕರಾವಳಿಯ ಬನ್ಸ್, ರಾಗಿಯ ಹುಳಿ ಅಂಬಲಿ ಇವೂ ಇದೇ ಕುಟುಂಬಕ್ಕೆ ಸೇರುತ್ತವೆ.

ದಕ್ಷಿಣ ಬೆಂಗಳೂರಿನ ಹವೆ, ನೀರು, ಹಿಟ್ಟು

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಹುದುಗಿಗೆ ಒಗ್ಗುವ ಊರು. ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 34 ಡಿಗ್ರಿ ಸೆಲ್ಸಿಯಸ್. ಡಿಸೆಂಬರ್, ಜನವರಿಯ ಸರಾಸರಿ ಕನಿಷ್ಠ 16ರ ಆಸುಪಾಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಿರುಳಿನ ಉಷ್ಣತೆ ಹೆಚ್ಚುಕಡಿಮೆ 20ರಿಂದ 29ರ ನಡುವೆ ಇರುತ್ತದೆ. ಹುದುಗಿನ ಯೀಸ್ಟು ಚುರುಕಾಗಿ ಬೆಳೆಯುವುದು 27 ಡಿಗ್ರಿಯ ಸುತ್ತಮುತ್ತ, ಬ್ಯಾಕ್ಟೀರಿಯಾ 32ರ ಸುತ್ತಮುತ್ತ. ಇದರಿಂದ ಋತುವಿಗೆ ತಕ್ಕ ಫಲವನ್ನು ಮೊದಲೇ ಊಹಿಸಬಹುದು. ಬೇಸಿಗೆಯಲ್ಲಿ ಬ್ಯಾಕ್ಟೀರಿಯಾದ ಕೈ ಮೇಲಾಗಿ ಹುದುಗು ಬೇಗ ಹುಳಿಯುತ್ತದೆ, ತೆಳ್ಳಗಾಗುತ್ತದೆ. ಚಳಿಯಲ್ಲಿ ಎರಡೂ ನಿಧಾನ. ಮಳೆಗಾಲದ ತಿಂಗಳುಗಳು ಹುದುಗು ಹುಟ್ಟಿಸಲು ಅತ್ಯಂತ ಅನುಕೂಲ. ಒಂದೇ ಬೀದಿಯಲ್ಲೂ ವ್ಯತ್ಯಾಸವುಂಟು. ಜಯನಗರದ ಮರದ ನೆರಳಿನ ಹಳೆಯ ಮನೆಯ ನೆಲಮಹಡಿಗೂ ಬಿ.ಟಿ.ಎಂ. ಲೇಔಟಿನ ಕಟ್ಟಡವೊಂದರ ತಾರಸಿಯ ಕೆಳಗಿನ ಕೋಣೆಗೂ ಏಪ್ರಿಲ್‌ನಲ್ಲಿ ಹಲವು ಡಿಗ್ರಿ ಅಂತರ ಬೀಳುತ್ತದೆ. ಆದ್ದರಿಂದ ಹುದುಗು ಇಡುವ ಜಾಗದಲ್ಲೇ ಒಂದು ಉಷ್ಣಮಾಪಕ ಇಟ್ಟು ನೋಡುವುದು ಕ್ಯಾಲೆಂಡರ್ ನೋಡುವುದಕ್ಕಿಂತ ಮೇಲು.

ಈ ಬಡಾವಣೆಗಳ ನಲ್ಲಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು, ಕ್ಲೋರಿನ್ ಬೆರೆತು, ಸುಮಾರು ನೂರು ಕಿಲೋಮೀಟರ್ ದೂರದಿಂದ ಬರುತ್ತದೆ. ಕ್ಲೋರಿನ್ ಇರುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ಎಳೆಯ ಹುದುಗಿಗೆ ಅದು ಅಡ್ಡಿ. ನೀರನ್ನು ಕುದಿಸಿ ಆರಿಸಿದರೆ, ಅಥವಾ ಬಾಯಗಲದ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹೋಗುತ್ತದೆ. ಕೊಳವೆಬಾವಿ ಅಥವಾ ಟ್ಯಾಂಕರ್ ನೀರು ಗಡಸು. ಕುಡಿಯಲು ಯೋಗ್ಯವಾಗಿದ್ದರೆ ಹುದುಗಿಗೆ ಅದರಿಂದ ತೊಂದರೆಯಿಲ್ಲ. ಮನೆಯ ಫಿಲ್ಟರ್ ನೀರೂ ಆದೀತು.

ಹಿಟ್ಟಿನ ಆಯ್ಕೆಯಲ್ಲಿ ಮುಖ್ಯ ನಿಯಮವೊಂದಿದೆ: ಹುಟ್ಟಿಸಲು ಇಡಿಧಾನ್ಯದ ಹಿಟ್ಟು, ಸಾಕಲು ಸಿಗುವ ಯಾವುದೇ ಒಳ್ಳೆಯ ಹಿಟ್ಟು. ಜೀವಿಗಳೂ ಖನಿಜಗಳೂ ಕಾಳಿನ ಹೊಟ್ಟಿನಲ್ಲಿ ಹೆಚ್ಚಾಗಿರುತ್ತವೆ. ಬಡಾವಣೆಯ ಫ್ಲೋರ್ ಮಿಲ್ಲಿನಲ್ಲಿ ಬೀಸಿಸಿದ ಗೋಧಿ ಹಿಟ್ಟು ಇದಕ್ಕೆ ಬಹಳ ಯೋಗ್ಯ. ಕಲ್ಲಿನಲ್ಲಿ ಬೀಸಿದಾಗ ಪಿಷ್ಟದ ಕಣಗಳು ಹೆಚ್ಚು ಜಜ್ಜಿಹೋಗುವುದರಿಂದ ಅದು ನೀರನ್ನು ಹೆಚ್ಚು ಕುಡಿಯುತ್ತದೆ, ಸಕ್ಕರೆಯನ್ನೂ ಬೇಗ ಬಿಡುತ್ತದೆ. ಮೈದಾದಲ್ಲಿ ಹೊಟ್ಟಿಲ್ಲ. ಅದರ ಹುದುಗು ಮೃದುವಾಗಿ, ಉಬ್ಬು ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತೆ ಬರುತ್ತದೆ. ಎರಡನ್ನೂ ಸಮಭಾಗ ಬೆರೆಸಿಕೊಳ್ಳುವುದು ಒಳ್ಳೆಯ ಮಧ್ಯದಾರಿ. ಒಂದು ಚಮಚ ರಾಗಿ ಹಿಟ್ಟು ಸೇರಿದರೆ ಜಡವಾದ ಹುದುಗು ಚುರುಕಾಗುತ್ತದೆ. ಆದರೆ ರಾಗಿಯಲ್ಲಿ ಗ್ಲುಟೆನ್ ಇಲ್ಲದ ಕಾರಣ ಅದೊಂದರಲ್ಲೇ ಸಾಕಿದ ಹುದುಗು ಗುಳ್ಳೆ ಬಿಟ್ಟರೂ ಎತ್ತರ ಏರುವುದಿಲ್ಲ. ಉತ್ತರ ಕರ್ನಾಟಕದ ಜವೆಗೋಧಿಯನ್ನೂ ಬಳಸಬಹುದು.

ಹುಟ್ಟಿಸುವ ಕ್ರಮ

ಮೊದಲ ದಿನ 50 ಗ್ರಾಂ ಗೋಧಿ ಹಿಟ್ಟಿಗೆ 50 ಗ್ರಾಂ ಉಗುರುಬೆಚ್ಚನೆಯ ನೀರು ಬೆರೆಸಿ, ಗಂಟಿಲ್ಲದಂತೆ ಕಲೆಸಿ ಗಾಜಿನ ಜಾಡಿಗೆ ಹಾಕಬೇಕು. ಮುಚ್ಚಳ ಬಿಗಿಯಬಾರದು, ಅನಿಲ ಹೊರಹೋಗಲು ದಾರಿ ಬೇಕು. ಎರಡನೆಯ ದಿನದಿಂದ ಪ್ರತಿದಿನ ಒಂದೇ ಹೊತ್ತಿಗೆ 50 ಗ್ರಾಂ ಮಿಶ್ರಣವನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆದು, 50 ಗ್ರಾಂ ಹಿಟ್ಟು ಮತ್ತು 50 ಗ್ರಾಂ ನೀರು ಸೇರಿಸಬೇಕು. ಲೋಟದ ಅಳತೆಗಿಂತ ತೂಕದ ಅಳತೆ ಸರಿ. ಹಿಟ್ಟನ್ನು ಒತ್ತಿ ತುಂಬಿದರೆ, ಸಡಿಲವಾಗಿ ತುಂಬಿದರೆ ತೂಕ ಬದಲಾಗುತ್ತದೆ.

ಎರಡು ಅಥವಾ ಮೂರನೆಯ ದಿನ ಹಿಟ್ಟು ಜೋರಾಗಿ ಉಕ್ಕುವುದುಂಟು. ವಾಸನೆ ಅಷ್ಟು ಹಿತವಾಗಿರುವುದಿಲ್ಲ. ಇದು ಮೇಲೆ ಹೇಳಿದ ಮೊದಲ ಘಟ್ಟದ ಬ್ಯಾಕ್ಟೀರಿಯಾಗಳ ಕೆಲಸ. ಹುದುಗು ಸಿದ್ಧವಾಯಿತೆಂದು ತಿಳಿಯಬಾರದು. ಆಮೇಲೆ ಒಂದೆರಡು ದಿನ ಏನೂ ಆಗದಂತೆ ಸುಮ್ಮನಾಗುತ್ತದೆ. ಅನೇಕರು ಕೆಟ್ಟಿತೆಂದು ಎಸೆಯುವುದು ಇದೇ ಹಂತದಲ್ಲಿ. ಆಗಲೂ ಉಣಿಸುತ್ತಿದ್ದರೆ ಐದರಿಂದ ಹತ್ತು ದಿನಗಳೊಳಗೆ ಯೀಸ್ಟ್ ನೆಲೆನಿಂತು, ಹಿಟ್ಟು ನಿಯತವಾಗಿ ಏರತೊಡಗುತ್ತದೆ, ಮೊಸರಿನ, ಮಾಗಿದ ಹಣ್ಣಿನ ಹಿತವಾದ ವಾಸನೆ ಬರುತ್ತದೆ. ಚಳಿಗಾಲದಲ್ಲಿ ಎರಡು ವಾರವೂ ಹಿಡಿಯಬಹುದು.

ಪಾತ್ರೆಗೆ ಗಾಜು, ಪಿಂಗಾಣಿ ಭರಣಿ ಅಥವಾ ಸ್ಟೀಲ್ ಆಗುತ್ತದೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳನ್ನು ಆಮ್ಲ ಕೊರೆಯುವುದರಿಂದ ಅವು ಬೇಡ.

ಉಣಿಸುವ ಕ್ರಮ

ಸ್ಥಿರವಾದ ಹುದುಗಿನ ಆರೋಗ್ಯ ನಿಂತಿರುವುದು ಉಣಿಸುವ ಅನುಪಾತದ ಮೇಲೆ. ಹಳೆಯ ಹುದುಗು, ಹಿಟ್ಟು, ನೀರು ಈ ಕ್ರಮದಲ್ಲಿ 1:1:1 ಎಂದರೆ ಮೂರೂ ಸಮತೂಕ. 1:5:5 ಎಂದರೆ 10 ಗ್ರಾಂ ಹುದುಗಿಗೆ 50 ಗ್ರಾಂ ಹಿಟ್ಟು, 50 ಗ್ರಾಂ ನೀರು. ಹಳೆಯ ಹುದುಗು ಕಡಿಮೆಯಾದಷ್ಟೂ ತುದಿ ಮುಟ್ಟಲು ಹೆಚ್ಚು ಹೊತ್ತು ಬೇಕು. ಹಿಂದಿನ ಆಮ್ಲವೂ ಅಷ್ಟೇ ಕಡಿಮೆ ಉಳಿಯುತ್ತದೆ.

ಬೆಂಗಳೂರಿನ ಋತುಗಳಿಗೆ ಹೊಂದುವ ಕ್ರಮ ಹೀಗಿದೆ. ಮಾರ್ಚಿನಿಂದ ಮೇ ತಿಂಗಳವರೆಗೆ 1:5:5, ತಂಪು ನೀರು, ದಿನಕ್ಕೆ ಎರಡು ಸಲ. ಮಳೆಗಾಲದಲ್ಲಿ 1:3:3ರಷ್ಟು, ದಿನಕ್ಕೆ ಒಂದು ಅಥವಾ ಎರಡು ಸಲ. ಡಿಸೆಂಬರ್, ಜನವರಿಯಲ್ಲಿ 1:1:1 ಅಥವಾ 1:2:2, ಬೆಚ್ಚನೆಯ ನೀರು, ದಿನಕ್ಕೊಂದು ಸಲ. ಚಳಿಯಲ್ಲಿ ಇಡ್ಲಿ ಹಿಟ್ಟಿಗೆ ಮಾಡುವ ಉಪಚಾರವೇ ಇದಕ್ಕೂ ಸಲ್ಲುತ್ತದೆ: ಪಾತ್ರೆಗೆ ದಪ್ಪ ಬಟ್ಟೆ ಸುತ್ತುವುದು, ಒಲೆಯ ಬಳಿಯ ಬೆಚ್ಚನೆಯ ಮೂಲೆಯಲ್ಲಿಡುವುದು, ಉರಿಸದ ಓವನ್ನಿನೊಳಗೆ ದೀಪ ಮಾತ್ರ ಹಚ್ಚಿಡುವುದು.

ಅನುಪಾತಕ್ಕಿಂತ ಮುಖ್ಯವಾದದ್ದು ಹೊತ್ತು. ಹುದುಗು ಏರಿ, ತುದಿ ಮುಟ್ಟಿ, ಮೇಲ್ಮೈ ನಡುವೆ ತುಸು ತಗ್ಗುವ ಹೊತ್ತೇ ಮತ್ತೆ ಉಣಿಸುವ ಹೊತ್ತು. ಅದಕ್ಕೂ ಮುಂಚೆ ಪದೇಪದೇ ಉಣಿಸಿದರೆ ಜೀವಿಗಳ ಸಂಖ್ಯೆ ತೆಳುವಾಗುತ್ತದೆ. ಬಹಳ ತಡವಾದರೆ ಆಮ್ಲ ಮಿತಿಮೀರಿ ಯೀಸ್ಟ್ ಕುಗ್ಗುತ್ತದೆ, ಗ್ಲುಟೆನ್ ಕರಗುತ್ತದೆ. ಉಣಿಸಿದ ಕೂಡಲೇ ಜಾಡಿಗೆ ರಬ್ಬರ್ ಬ್ಯಾಂಡ್ ಹಾಕಿ ಮಟ್ಟ ಗುರುತಿಸಿದರೆ ಏರಿಳಿತ ನಿಖರವಾಗಿ ತಿಳಿಯುತ್ತದೆ.

ಆರೋಗ್ಯದ ಗುರುತು, ಕಾಯಿಲೆಯ ಗುರುತು

ಉಣಿಸಿದ ನಾಲ್ಕರಿಂದ ಎಂಟು ಗಂಟೆಯೊಳಗೆ ಗಾತ್ರ ಎರಡುಪಟ್ಟಾಗಿ, ಸತತ ಮೂರು ದಿನ ಹಾಗೆಯೇ ನಡೆದರೆ ಹುದುಗು ಬ್ರೆಡ್ಡಿಗೆ ಸಿದ್ಧ. ಮೇಲ್ಮೈ ಗುಮ್ಮಟದಂತಿದ್ದು, ಒಳಗೆಲ್ಲ ಗುಳ್ಳೆಗಳ ಬಲೆ ಕಾಣಬೇಕು. ಒಂದು ಚಮಚ ಹುದುಗನ್ನು ನೀರಿಗೆ ಬಿಟ್ಟು ತೇಲುವುದೇ ಎಂದು ನೋಡುವ ಪರೀಕ್ಷೆ ಮೈದಾ ಹುದುಗಿಗೆ ಸಾಕಷ್ಟು ಹೊಂದುತ್ತದೆ. ಗೋಧಿ ಹಿಟ್ಟಿನ ಹುದುಗು ಚುರುಕಾಗಿದ್ದರೂ ಮುಳುಗುವುದುಂಟು, ಅಲ್ಲಿ ಗಾತ್ರದ ಏರಿಕೆಯನ್ನೇ ನಂಬಬೇಕು.

ಮೇಲೆ ಕಂದು ಅಥವಾ ಬೂದು ಬಣ್ಣದ ನೀರು ನಿಂತರೆ ಅದು ಆಲ್ಕೋಹಾಲ್ ಬೆರೆತ ತಿಳಿ, ಹಸಿವಿನ ಗುರುತು. ಅದನ್ನು ಬಸಿದು ಎರಡು ಮೂರು ಸಲ ಉಣಿಸಿದರೆ ಸರಿಹೋಗುತ್ತದೆ. ಉಗುರುಬಣ್ಣ ತೆಗೆಯುವ ದ್ರಾವಣದಂಥ ವಾಸನೆಯೂ ಹಸಿವಿನದೇ. ಬೇಸಿಗೆಯಲ್ಲಿ ಹುದುಗು ಏರದೆ ಗಂಜಿಯಂತೆ ತೆಳ್ಳಗಾದರೆ ಆಮ್ಲ ಹೆಚ್ಚಾಗಿದೆ ಎಂದರ್ಥ. 5 ಗ್ರಾಂ ಮಾತ್ರ ಇಟ್ಟುಕೊಂಡು 50 ಗ್ರಾಂ ಹಿಟ್ಟು ಕೊಡುವುದು ಮತ್ತು ನೀರನ್ನು ತುಸು ಕಡಿಮೆ ಮಾಡಿ ಗಟ್ಟಿಯಾಗಿ ಕಲೆಸುವುದು ಇದಕ್ಕೆ ಪರಿಹಾರ. ಆದರೆ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ, ಹಸಿರು, ಕಪ್ಪು ಅಥವಾ ಬಿಳಿ ನಾರಿನಂಥ ಬೂಷ್ಟು, ಕೊಳೆತ ನಾತ ಕಂಡರೆ ಹುದುಗನ್ನು ಪೂರ್ತಿ ಎಸೆಯಬೇಕು. ಮೇಲಿನ ಪದರ ಕೆರೆದು ಉಳಿದದ್ದನ್ನು ಬಳಸಬಾರದು. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೂ ಹರಡಿರುತ್ತವೆ.

ಜಾಡಿಯ ಗೋಡೆಗೆ ಮೆತ್ತಿ ಒಣಗಿದ ಹಿಟ್ಟಿನಲ್ಲೇ ಬೂಷ್ಟು ಮೊದಲು ಹುಟ್ಟುವುದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಜಾಡಿ ಬದಲಿಸುವುದು ಒಳ್ಳೆಯದು. ಇರುವೆಗಳ ಕಾಟಕ್ಕೆ ಬೆಲ್ಲದ ಡಬ್ಬಿಗೆ ಮಾಡುವಂತೆ ನೀರು ತುಂಬಿದ ತಟ್ಟೆಯ ನಡುವೆ ಜಾಡಿ ಇಡಬೇಕು. ಹಣ್ಣಿನ ನೊಣ ಬಾರದಂತೆ ತೆಳುಬಟ್ಟೆ ಕಟ್ಟಬೇಕು.

ಕಾಪಿಡುವುದು

ವಾರಕ್ಕೊಂದು ಸಲ ಮಾತ್ರ ಬ್ರೆಡ್ ಮಾಡುವ ಮನೆಗೆ ಫ್ರಿಜ್ ಅನುಕೂಲ. ಉಣಿಸಿ, ಒಂದೆರಡು ಗಂಟೆ ಹೊರಗಿಟ್ಟು, ಏರತೊಡಗಿದಾಗ 4 ಡಿಗ್ರಿಯ ಫ್ರಿಜ್ಜಿಗೆ ಸೇರಿಸಿದರೆ ವಾರ ಹತ್ತು ದಿನ ಚಿಂತೆಯಿಲ್ಲ. ಬ್ರೆಡ್ಡಿಗೆ ಮುಂಚೆ ಹೊರತೆಗೆದು ಎರಡು ಸಲ ಉಣಿಸಿ ಚುರುಕುಗೊಳಿಸಬೇಕು. ಊರಿಗೆ ಹೊರಟಾಗ ನೀರು ಕಡಿಮೆ ಹಾಕಿ ಚಪಾತಿ ಹಿಟ್ಟಿನಷ್ಟು ಗಟ್ಟಿಯಾಗಿ ನಾದಿ ಫ್ರಿಜ್ಜಿನಲ್ಲಿಟ್ಟರೆ ಹುಳಿ ನಿಧಾನವಾಗಿ ಏರುತ್ತದೆ.

ದೀರ್ಘಕಾಲಕ್ಕೆ ಒಣಗಿಸುವುದು ಭದ್ರ ಮಾರ್ಗ. ಏರಿದ ಹುದುಗನ್ನು ಬೆಣ್ಣೆಕಾಗದದ ಮೇಲೆ ತೆಳ್ಳಗೆ ಹರಡಿ, ನೆರಳಲ್ಲಿ ಗಾಳಿಗೆ ಒಣಗಿಸಬೇಕು. ತಾರಸಿಯ ನೇರ ಬಿಸಿಲು ಯೀಸ್ಟನ್ನು ಕೊಲ್ಲಬಹುದು. ಗರಿಗರಿಯಾದ ಮೇಲೆ ಪುಡಿಮಾಡಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಬೇಕು. ಬೇಕಾದಾಗ ನೀರಲ್ಲಿ ನೆನೆಸಿ ಮೂರು ನಾಲ್ಕು ದಿನ ಉಣಿಸಿದರೆ ಮತ್ತೆ ಜೀವ ಬರುತ್ತದೆ. ಹೀಗೆ ಒಣಗಿಸಿದ ಒಂದು ಪೊಟ್ಟಣ ಮನೆಯಲ್ಲಿದ್ದರೆ, ಒಂದು ಚಮಚವನ್ನು ನೆರೆಮನೆಗೂ ಕೊಟ್ಟಿದ್ದರೆ, ಹುದುಗು ಕೆಟ್ಟರೂ ನಷ್ಟವಿಲ್ಲ. ಹೆಪ್ಪು ಮುಗಿದಾಗ ಪಕ್ಕದ ಮನೆಯಿಂದ ತರುವ ರೂಢಿಯಲ್ಲೂ ಇದೇ ಜಾಣ್ಮೆಯಿದೆ.

ಉಳಿಕೆಯ ಬಳಕೆ

ಪ್ರತಿಸಲ ತೆಗೆದುಹಾಕುವ ಹುದುಗು ಕಸವಲ್ಲ. ನೆಲೆನಿಂತ ಹುದುಗಿನ ಉಳಿಕೆಯನ್ನು ಫ್ರಿಜ್ಜಿನಲ್ಲಿ ಕೂಡಿಟ್ಟು, ಅಕ್ಕಿ ಹಿಟ್ಟು, ಉಪ್ಪು, ಹಸಿಮೆಣಸಿನಕಾಯಿ, ಕರಿಬೇವು, ಹೆಚ್ಚಿದ ಈರುಳ್ಳಿ ಬೆರೆಸಿ ಹುಯ್ದರೆ ಗೋಧಿ ದೋಸೆ ಸಿದ್ಧ. ಚಪಾತಿ ಹಿಟ್ಟಿಗೆ, ಬನ್ಸಿಗೆ, ಪಡ್ಡಿನ ಹಿಟ್ಟಿಗೂ ಸೇರಿಸಬಹುದು. ಮೊದಲ ವಾರದ, ಇನ್ನೂ ಹುಳಿ ನೆಲೆನಿಲ್ಲದ ಹಿಟ್ಟನ್ನು ಮಾತ್ರ ತಿನ್ನಲು ಬಳಸದೆ ಗಿಡದ ಗೊಬ್ಬರಕ್ಕೆ ಹಾಕಬೇಕು. ಒಟ್ಟು 20, 30 ಗ್ರಾಂ ಹುದುಗನ್ನಷ್ಟೇ ಸಾಕುವವರಿಗೆ ಉಳಿಕೆಯ ಪ್ರಶ್ನೆಯೇ ಹೆಚ್ಚು ಬರುವುದಿಲ್ಲ.

ಪೌಷ್ಟಿಕತೆ

ದೀರ್ಘ ಹುದುಗುವಿಕೆಯಲ್ಲಿ ಇಡಿಗೋಧಿಯ ಫೈಟಿಕ್ ಆಮ್ಲ ಕಡಿಮೆಯಾಗಿ ಕಬ್ಬಿಣ, ಸತು ಮುಂತಾದ ಖನಿಜಗಳು ದೇಹಕ್ಕೆ ಸುಲಭವಾಗಿ ದಕ್ಕುತ್ತವೆ. ಬ್ರೆಡ್ಡು ಬೂಷ್ಟು ಹಿಡಿಯದೆ ಹೆಚ್ಚು ದಿನ ಉಳಿಯುತ್ತದೆ. ಬೇಯುವಾಗ ಜೀವಿಗಳು ಸಾಯುವುದರಿಂದ ಬ್ರೆಡ್ಡಿನಿಂದ ಮೊಸರಿನಂತೆ ಜೀವಂತ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಗೋಧಿಯ ಹುಳಿ ಬ್ರೆಡ್ಡಿನಲ್ಲೂ ಗ್ಲುಟೆನ್ ಉಳಿದಿರುತ್ತದೆ. ಸೀಲಿಯಾಕ್ ರೋಗಿಗಳು ಅದನ್ನು ತಿನ್ನಬಾರದು. ಅವರಿಗೆ ಅಕ್ಕಿ, ಉದ್ದಿನ ಇಡ್ಲಿ ಸುರಕ್ಷಿತ ಹುದುಗಿನ ತಿಂಡಿ.

ನಗರದಲ್ಲಿ ಹುದುಗಿನ ಇಂದಿನ ನೆಲೆ

ದಕ್ಷಿಣ ಬೆಂಗಳೂರಿನ ಹೆಸರು ಹುದುಗಿನ ತಿಂಡಿಗಳೊಂದಿಗೆ ಬೆಸೆದುಕೊಂಡಿದೆ. 1924ರಲ್ಲಿ ಶುರುವಾದ ಎಂ.ಟಿ.ಆರ್., ಗಾಂಧಿಬಜಾರಿನಲ್ಲಿ 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನ, ಶಂಕರಪುರದಲ್ಲಿ 1965ರಿಂದ ಇಡ್ಲಿ ಚಟ್ನಿ ಕೊಡುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರ್ ಇವೆಲ್ಲ ಪ್ರತಿದಿನ ದೊಡ್ಡ ಪ್ರಮಾಣದಲ್ಲಿ ಹಿಟ್ಟನ್ನು ಒಂದೇ ಹದಕ್ಕೆ ತರುವ ಕೌಶಲವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. ರುಬ್ಬಲು ಹೊತ್ತಿಲ್ಲದ ಮನೆಗಳಿಗಾಗಿ ಪ್ಯಾಕೆಟ್ ಹಿಟ್ಟಿನ ಉದ್ಯಮವೂ ಇದೇ ನಗರದಲ್ಲಿ ಬೆಳೆಯಿತು. ಐಡಿ ಫ್ರೆಶ್ ಫುಡ್ 2005ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲೇ. ಬಿ.ಟಿ.ಎಂ. ಲೇಔಟಿನಂಥ, ಹೊರಗಿನಿಂದ ಬಂದ ಯುವಜನ ಹೆಚ್ಚಿರುವ ಬಡಾವಣೆಗಳಲ್ಲಿ ದೋಸೆ ಹಿಟ್ಟಿನ ಪ್ಯಾಕೆಟ್ಟು ಹಾಲಿನ ಪ್ಯಾಕೆಟ್ಟಿನಷ್ಟೇ ಸಾಮಾನ್ಯ.

ಪ್ಯಾಕೆಟ್ ಬಂದ ಮೇಲೆ ಮನೆಯಲ್ಲಿ ಹಿಟ್ಟಿನ ಹದ ನೋಡುವ ಅಭ್ಯಾಸ ಕಡಿಮೆಯಾಗುತ್ತಿದೆ. ಹುಳಿಹುದುಗು ಆ ಅಭ್ಯಾಸವನ್ನು ಬೇರೊಂದು ಬಾಗಿಲಿನಿಂದ ಮನೆಯೊಳಗೆ ತರುತ್ತಿದೆ. ಜನವರಿಯ ಬೆಳಗಿನಲ್ಲಿ ಹಿಟ್ಟು ಏಕೆ ಉಕ್ಕಲಿಲ್ಲ, ಏಪ್ರಿಲ್‌ನಲ್ಲಿ ಏಕೆ ಇಷ್ಟು ಹುಳಿಯಿತು ಎಂಬ ಪ್ರಶ್ನೆ ಎರಡು ಪಾತ್ರೆಗಳಿಗೂ ಒಂದೇ, ಉತ್ತರವೂ ಒಂದೇ. ಹುದುಗನ್ನು ಸಾಕಲು ವಿಶೇಷ ಸಲಕರಣೆ ಬೇಕಿಲ್ಲ. ಫ್ರಿಜ್ಜಿನಲ್ಲಿಟ್ಟು ಸಾಕುವವರಿಗೆ ಒಂದು ಜಾಡಿ, ಒಂದು ತಕ್ಕಡಿ, ವಾರಕ್ಕೆ 50 ಗ್ರಾಂ ಹಿಟ್ಟು, ಅಷ್ಟೇ ನೀರು ಸಾಕು. ಅಷ್ಟು ಸಿಗುತ್ತಿರುವವರೆಗೆ ಹುಳಿಹುದುಗಿಗೆ ಆಯುಸ್ಸಿನ ಮಿತಿಯಿಲ್ಲ.